ಎರಡು ಕ್ಯಾಮೆರಾ, ಒಂದೇ ಗಳಿಗೆ

ಕಲಬುರಗಿಯ ಸೂಪರ್ ಮಾರ್ಕೆಟ್ ಹಿಂದಿನ ಓಣಿಯಲ್ಲಿ ನಮ್ಮ ಸ್ಟುಡಿಯೋ ಇದೆ. ಫೋಟೋ ತೆಗೆಯುವುದು ನನ್ನ ಗಂಡ. ಜೋಡಿಸಿ ಆಲ್ಬಮ್ ಮಾಡುವುದು ನಾನು. ದೊಡ್ಡ ಮದುವೆಯಾದರೆ ಎರಡನೆಯ ಕ್ಯಾಮೆರಾ ಹಿಡಿಯಲು ಚಾಚಾ ಬರುತ್ತಾರೆ. ರೀಲಿನ ಕಾಲದಿಂದ ಕೆಲಸ ಮಾಡಿದವರು, ನಮಗೆಲ್ಲ ಹಿರಿಯರು.

ಹೊಸದರಲ್ಲಿ ಒಮ್ಮೆ ನನ್ನ ಮಾನ ಹೋಗಿತ್ತು. ಎರಡು ಕ್ಯಾಮೆರಾಗಳ ಗಡಿಯಾರದಲ್ಲಿ ಐದು ತಾಸಿನ ವ್ಯತ್ಯಾಸವಿದ್ದದ್ದು ಗೊತ್ತಾಗದೆ, ಕಂಪ್ಯೂಟರ್ ಸಮಯ ನೋಡಿ ಜೋಡಿಸಿದ ಹಾಗೇ ಅಚ್ಚು ಹಾಕಿಸಿದ್ದೆ. ಮದುಮಗನ ಸೋದರತ್ತೆ ಆಲ್ಬಮ್ ತಿರುವಿ, "ತಾಳಿ ಕಟ್ಟಿದ ಮ್ಯಾಲ ಯಾರ ಮನ್ಯಾಗ ಅರಿಶಿಣ ಹಚ್ತಾರ್ರೀ?" ಎಂದು ಕೇಳಿದರು. ಅಂದಿನಿಂದ ನಾನೊಂದು ನಿಯಮ ಮಾಡಿದೆ. ಕೆಲಸಕ್ಕೆ ಮೊದಲು ಎರಡೂ ಕ್ಯಾಮೆರಾಗಳ ಸಮಯವನ್ನು ನನ್ನ ಮೊಬೈಲಿನೊಂದಿಗೆ ಹೊಂದಿಸಬೇಕು. ಆರಂಭದಲ್ಲೊಮ್ಮೆ, ಮುಗಿದ ಮೇಲೊಮ್ಮೆ ಆ ಮೊಬೈಲಿನ ಗಡಿಯಾರದ ಫೋಟೋ ತೆಗೆಯಬೇಕು.

"ನಾ ಮಂದಿ ಫೋಟೋ ತೆಗಿಯಾಕ ಬಂದೀನಿ ಬೇಟಿ, ಗಡಿಯಾರದ್ದಲ್ಲ" ಎಂದು ಚಾಚಾ ಗೊಣಗುತ್ತಿದ್ದರು. ಆದರೂ ತೆಗೆಯುತ್ತಿದ್ದರು.

ಕಮಲಾಪುರದಲ್ಲಿ ಇಪ್ಪತ್ತೊಂದು ಜೋಡಿಯ ಸಾಮೂಹಿಕ ಮದುವೆ ನಮ್ಮ ಪಾಲಿಗೆ ಬಂತು. ಜೋಡಿಗೊಂದು ಆಲ್ಬಮ್ ಕೊಡುತ್ತೇನೆಂದು ನಾನೇ ಒಪ್ಪಿಕೊಂಡಿದ್ದೆ. ಮದುವಣಗಿತ್ತಿಯರೆಲ್ಲರಿಗೂ ಒಂದೇ ಬಣ್ಣದ ಸೀರೆ. ಬಾಸಿಂಗ ಕಟ್ಟಿದ ಮೇಲೆ ಮುಖವೂ ಗುರುತು ಹತ್ತುತ್ತಿರಲಿಲ್ಲ. ಊಟವಾದ ಮೇಲೆ ಒಂದೊಂದೇ ಜೋಡಿ ವೇದಿಕೆಗೆ ಬಂದು ಆಶೀರ್ವಾದ ಪಡೆಯಿತು. ನಾನು ಪಕ್ಕದಲ್ಲಿ ಕೂತು ಪ್ರತಿ ಜೋಡಿ ಬಂದ ಸಮಯ ಬರೆದುಕೊಂಡೆ. ಗಂಡ ವೇದಿಕೆ ಮೇಲಿನವರನ್ನು ತೆಗೆದರೆ, ಕೆಳಗೆ ನಿಂತು ನೋಡುತ್ತಿದ್ದ ಆಯಾ ಜೋಡಿಯ ತಂದೆ ತಾಯಂದಿರನ್ನು ಚಾಚಾ ತೆಗೆದರು. ಸಂಜೆ ಗಾಡಿ ಹತ್ತುವಾಗ ಚಾಚಾರ ಮುಂದೆ ಮೊಬೈಲ್ ಹಿಡಿದೆ.

"ಮುಂಜಾನಿ ತೆಗದೀನಲ್ಲ!"

"ಇನ್ನೊಮ್ಮೆ ತೆಗೀರಿ ಚಾಚಾ."

ತೆಗೆದರು.

ಮರುದಿನ ಕಂಪ್ಯೂಟರಿಗೆ ಹಾಕಿದರೆ, ಊಟದ ನಂತರ ಚಾಚಾ ತೆಗೆದ ಫೋಟೋಗಳಿಗೆಲ್ಲ ಎಷ್ಟೋ ವರ್ಷ ಹಿಂದಿನ ತಾರೀಖು! ಕರೆಸಿ ಕೇಳಿದಾಗ ಅವರ ಮುಖ ಬಾಡಿತು. "ಬ್ಯಾಟರಿ ಬದಲಿ ಮಾಡ್ದೆ. ಕ್ಯಾಮೆರಾ ಏನೋ ಕೇಳ್ತು, ಓಕೆ ಒತ್ತಿಬಿಟ್ಟೆ. ಮಾಫ್ ಮಾಡು ಬೇಟಿ." ಒಳಗೆ ಗಡಿಯಾರ ನಡೆಸುವ ಪುಟ್ಟ ಬ್ಯಾಟರಿ ಸತ್ತಿತ್ತು, ದೊಡ್ಡದನ್ನು ತೆಗೆದ ಕೂಡಲೇ ಸಮಯ ಅಳಿಸಿಹೋಗಿತ್ತು. ಕೆಳಗೆ ನಿಂತವರ ಆ ಫೋಟೋಗಳಲ್ಲಿ ಮದುಮಕ್ಕಳೇ ಇರಲಿಲ್ಲ. ಯಾರು ಯಾರ ತಾಯಿ ಎಂದು ಹೇಗೆ ತಿಳಿಯಬೇಕು?

ಸಂಜೆಯ ಗಡಿಯಾರದ ಫೋಟೋ ತೆರೆದೆ. ಮೊಬೈಲ್ ತೋರಿಸುವ ಸಮಯಕ್ಕೂ ಕ್ಯಾಮೆರಾ ಬರೆದುಕೊಂಡ ಸಮಯಕ್ಕೂ ಇದ್ದ ವ್ಯತ್ಯಾಸ ಲೆಕ್ಕ ಹಾಕಿ, ಊಟದ ನಂತರದ ಫೋಟೋಗಳನ್ನೆಲ್ಲ ಅಷ್ಟೇ ಮುಂದಕ್ಕೆ ಸರಿಸಿದೆ. ಒಂಬತ್ತನೆಯ ಜೋಡಿ ಬಾಗಿದಾಗ ಕೆಳಗಿದ್ದ ಪೇಟದ ಹಿರಿಯರೊಬ್ಬರು ಹೂವು ಎಸೆದಿದ್ದರು. ಆ ಗಳಿಗೆಯನ್ನು ವೇದಿಕೆ ಮೇಲಿನಿಂದ ಗಂಡ ತೆಗೆದದ್ದು, ಕೆಳಗಿನಿಂದ ಚಾಚಾ ತೆಗೆದದ್ದು ಎರಡೂ ಅಕ್ಕಪಕ್ಕ ಬಂದು ಕೂತವು. ಹಿಂದೆ ನಿಂತಿದ್ದ ಚಾಚಾ ನನ್ನ ತಲೆ ಮೇಲೆ ಕೈ ಇಟ್ಟರು.

ಸಂತೆಯ ದಿನ ಇಪ್ಪತ್ತೊಂದು ಆಲ್ಬಮ್ ಹೊತ್ತು ಬಸ್ಸಿನಲ್ಲಿ ಕಮಲಾಪುರಕ್ಕೆ ನಾನೇ ಹೋದೆ. ಕೂಲಿ ಕೆಲಸದ ತಾಯಿಯೊಬ್ಬರು ಮಗಳ ಆಲ್ಬಮ್ ಬಿಚ್ಚಿದರು. ಎಡಗಡೆ ಪುಟದಲ್ಲಿ ಮಗಳು ಆಶೀರ್ವಾದಕ್ಕೆ ಬಾಗಿದ್ದಳು. ಬಲಗಡೆ ಈ ತಾಯಿ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು.

"ಇದು ನಾನರೀ! ಅಷ್ಟು ಮಂದ್ಯಾಗ ನಾನ ಈಕಿ ಅವ್ವ ಅಂತ ನಿಮಗ ಹ್ಯಾಂಗ ಗೊತ್ತಾತು?"

"ನೀವು ನಕ್ಕ ಹೊತ್ತು ನೋಡಿ ಗೊತ್ತಾತ್ರೀ" ಎಂದೆ.

ಆಕೆಗೆ ಅರ್ಥವಾಗಲಿಲ್ಲ, ನಾನು ಬಿಡಿಸಿ ಹೇಳಲೂ ಇಲ್ಲ. ಅಕ್ಕಪಕ್ಕದವರನ್ನೆಲ್ಲ ಕೂಗಿ ಕರೆದು ತನ್ನ ಫೋಟೋ ತೋರಿಸತೊಡಗಿದರು. ಒಂದು ಆಲ್ಬಮ್ಮೂ ತಪ್ಪು ಮನೆಗೆ ಹೋಗಲಿಲ್ಲ. ಕಲಬುರಗಿಯವರೆಗೆ ಬಸ್ಸಿನಲ್ಲಿ ನಿಂತೇ ಬಂದೆ. ಕಾಲು ನೋಯಲೇ ಇಲ್ಲ.