ಕಾವಲು ಕೂತವರ ಎಂಜಿನ್ನು

ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಹಾಸನದ ಗ್ಯಾರೇಜೊಂದರಲ್ಲಿ ಕೆಲಸ ಕಲಿತು, ಹೊಳೆನರಸೀಪುರಕ್ಕೆ ಬಂದು ಅರಕಲಗೂಡಿನ ರಸ್ತೆಯಲ್ಲಿ ಸ್ವಂತ ಶೆಡ್ಡು ಹಾಕಿದೆ. ನನ್ನ ಕೈಯಿಂದ ಹೋದ ಗಾಡಿ ಅದೇ ಕಾಯಿಲೆಗೆ ವಾಪಸು ಬಂದದ್ದಿಲ್ಲ. ಜಂಬ ಅಂದುಕೊಂಡರೆ ಅಂದುಕೊಳ್ಳಲಿ. ಆದರೆ ಈ ಕಸುಬಿನಲ್ಲಿ ಕೈ ಚುರುಕಾಗಿದ್ದರೆ ಸಾಲದು, ಕೈ ಶುದ್ಧವಾಗಿದೆ ಅಂತ ಊರು ನಂಬಬೇಕು. ಆ ನಂಬಿಕೆ ಕೆಡುವುದಕ್ಕೆ ಒಂದು ಮಾತು ಸಾಕು.

ತೊಂಬತ್ತರ ದಶಕ ಮುಗಿಯುತ್ತಿದ್ದ ಹೊತ್ತಿಗೆ ಅಂಥ ಮಾತೊಂದು ನನ್ನ ಮೇಲೆ ಎದ್ದಿತ್ತು. ತನ್ನ ಗಾಡಿಯ ಒಳ್ಳೇ ಕಾರ್ಬುರೇಟರು ನನ್ನ ಶೆಡ್ಡಿನಲ್ಲಿ ಬದಲಾಗಿ ಹೋಯಿತು ಅಂತ ಚನ್ನರಾಯಪಟ್ಟಣದ ಟ್ಯಾಕ್ಸಿಯವನೊಬ್ಬ ಹೇಳಿಕೊಂಡು ತಿರುಗುತ್ತಿದ್ದ. ಶುದ್ಧ ಸುಳ್ಳು. ಆದರೂ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ನಾನು ಕಾಫಿಗೆ ಕೂತರೆ ಪಕ್ಕದ ಮೇಜಿನವರ ಮಾತು ತಟ್ಟನೆ ನಿಲ್ಲುತ್ತಿತ್ತು. ಇನ್ನೊಬ್ಬ ಯಾರಾದರೂ ಅದನ್ನೇ ಅಂದರೆ ಶೆಡ್ಡಿಗೆ ಬೀಗ ಹಾಕಿ, ಮತ್ತೆ ಹಾಸನದಲ್ಲಿ ಇನ್ನೊಬ್ಬರ ಕೈಕೆಳಗೆ ನಿಲ್ಲಬೇಕಾಗಿತ್ತು.

ಆಗಲೇ ಕಟ್ಟಾಯದ ಕಡೆಯ ಗೌಡರೊಬ್ಬರು ಹಳೇ ಬೇಬಿ ಕಾರೊಂದನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿಕೊಂಡು ಬಂದರು. ಗುಂಡು ಲೈಟು, ಆಮೆಯ ಬೆನ್ನಿನಂಥ ಮೈ. ರುದ್ರಪಟ್ಟಣದ ಮೇಷ್ಟ್ರೊಬ್ಬರ ಮನೆಯಿಂದ ಕೊಂಡದ್ದಂತೆ. ಸ್ಟಾರ್ಟು ಮಾಡಿದರೆ ಒದ್ದೆ ಸೌದೆಯ ಒಲೆಯ ಹಾಗೆ ಹೊಗೆ. ಎಂಜಿನ್ ಆಚೆ ತೆಗೆಯದೆ ಗತಿಯಿರಲಿಲ್ಲ.

"ಮೇಸ್ತ್ರಿ, ಇದ್ರೊಳಗಿರೋದೆಲ್ಲ ಕಂಪ್ನಿಯಿಂದ ಬಂದದ್ದೇ ಕಣಪ್ಪ. ಒಂದು ಬೋಲ್ಟೂ ಆಚೀಚೆ ಆಗಂಗಿಲ್ಲ," ಅಂದರು.

"ಬೋಲ್ಟು ಆಚೆ ಬರ್ದೆ ಎಂಜಿನ್ ಎಂಗ್ ಬತ್ತದೆ ಗೌಡ್ರೆ?"

"ಬರ್ಲಿ. ನನ್ ಕಣ್ಮುಂದೆ ಬರ್ಲಿ."

ಹಾಗಂದವರೇ ಶೆಡ್ಡಿನ ಬಾಗಿಲ ಕಲ್ಲಿನ ಮೇಲೆ ಟವಲು ಹಾಸಿ ಕೂತರು. ನಮ್ಮ ಕಡೆ ಪಂಪಿನ ಮೋಟಾರು ಸುಟ್ಟರೆ ರೈತರು ಅದನ್ನು ವೈಂಡಿಂಗ್ ಅಂಗಡಿಗೆ ತಂದು, ಹೊಸ ತಂತಿ ಸುತ್ತಿ ಮುಗಿಯುವ ತನಕ ಎದುರಿಗೇ ಕೂರುತ್ತಾರೆ. ಎದ್ದು ಹೋದರೆ ಒಳಗಿನ ತಾಮ್ರ ಎದ್ದು ಹೋಗುತ್ತದೆ ಅನ್ನುವ ಭಯ. ಬುತ್ತಿಯೂ ಅಲ್ಲೇ, ಎಲೆಯಡಿಕೆಯೂ ಅಲ್ಲೇ. ಆದರೆ ಕಾರಿಗೆ ಹಾಗೆ ಕಾವಲು ಕೂತವರನ್ನು ನಾನು ಕಂಡಿರಲಿಲ್ಲ.

ನನಗೂ ಅನುಮಾನ ಹತ್ತಿತು. ಕಟ್ಟಾಯದವರಿಗೆ ಹಾಸನ ಹತ್ತಿರ. ಅಲ್ಲಿ ಗ್ಯಾರೇಜುಗಳ ಸಾಲೇ ಇರುವಾಗ ಇಷ್ಟು ದೂರ ನನ್ನನ್ನೇ ಹುಡುಕಿಕೊಂಡು ಯಾಕೆ ಬಂದರು? ಟ್ಯಾಕ್ಸಿಯವನೇ ಕಳಿಸಿದನೋ? ಅದೂ ಅಲ್ಲದೆ, ನಾನು ಕಾರಿನ ಎಡಗಡೆ ಬಗ್ಗಿದಾಗಲೆಲ್ಲ ಗೌಡರು ಎದ್ದು ಬಂದು ಅಲ್ಲೇ ನಿಲ್ಲುತ್ತಿದ್ದರು. ಎಲೆಯಡಿಕೆ ಉಗಿಯುವುದಕ್ಕೆ ಅದೇ ಜಾಗ ಬೇಕಿತ್ತಂತೆ.

ನನ್ನ ಜೊತೆ ಕೈಜೋಡಿಸುತ್ತಿದ್ದವನು ನನ್ನ ಬಾಮೈದ. ಪಕ್ಕದಲ್ಲೇ ಅವನ ವೆಲ್ಡಿಂಗ್ ಶೆಡ್ಡು. "ಭಾವ, ಈಯಪ್ಪ ನಿನ್ ಕೈ ನೋಡ್ತಿಲ್ಲ, ಜೇಬು ನೋಡ್ತವ್ನೆ," ಅಂದ.

"ನೋಡ್ಲಿ ಬುಡು. ತೂತು ಕಾಣ್ತದೆ," ಅಂದೆ. ಆದರೆ ಅವತ್ತು ಬಿಚ್ಚಿದ ಒಂದೊಂದನ್ನೂ ಗೌಡರಿಗೆ ತೋರಿಸಿಯೇ ಗೋಣಿತಾಟಿನ ಮೇಲೆ ಇಟ್ಟೆ.

ಎಂಜಿನ್ ಎತ್ತುವುದರಲ್ಲಿ ನನಗೆ ನನ್ನದೇ ಕ್ರಮವಿದೆ. ಮೊದಲು ಬ್ಯಾಟರಿಯ ವೈರು ಬಿಚ್ಚಬೇಕು. ನೀರು, ಆಯಿಲ್ಲು ಇಳಿಸಬೇಕು. ಬಾನೆಟ್ಟು, ರೇಡಿಯೇಟರು, ಕಾರ್ಬುರೇಟರು ತೆಗೆದು, ಸೈಲೆನ್ಸರಿನ ಪೈಪು ಬಿಡಿಸಿ, ಗೇರ್‌ಬಾಕ್ಸಿನ ಅಡಿಗೆ ಜಾಕ್ ಕೊಟ್ಟ ಮೇಲೆಯೇ ಎಂಜಿನ್ ಕೂತ ಬೋಲ್ಟುಗಳಿಗೆ ಕೈ ಹಾಕಬೇಕು. ಕೆಲವರು ಹುಣಸೆಮರದ ಕೊಂಬೆಗೋ ಹಳೇ ತೊಲೆಗೋ ಸರಪಳಿ ಹಾಕಿ ಎತ್ತುತ್ತಾರೆ. ನಾನು ಮರವನ್ನು ನಂಬುವವನಲ್ಲ. ಬೋರ್‌ವೆಲ್ಲಿನ ಮೋಟಾರು ಎತ್ತುವ ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡು ತರಿಸಿ, ಕಾಲುಗಳು ಜಾರದಂತೆ ನೆಲ ಕೆತ್ತಿ ಊರಿ, ತುದಿಗೆ ಚೈನ್ ಪುಲ್ಲಿ ನೇತು ಹಾಕಿದೆ.

"ಸ್ವಲ್ಪ ಸ್ವಲ್ಪವೇ ಎಳಿಬೇಕು. ನಾನು ನಿಲ್ಸು ಅಂದ್ರೆ ನಿಲ್ಸು. ಅಡಿಗೆ ಯಾರ ಕೈಯೂ ಓಗಂಗಿಲ್ಲ," ಅಂತ ಬಾಮೈದನಿಗೆ ಹೇಳಿದೆ. ಅವನು ಸರಪಳಿ ಎಳೆದ. ಎಂಜಿನ್ ಮೊದಲು ಮೆತ್ತಗೆ ಮೇಲೆದ್ದಿತು. ಗೌಡರು ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿದರು.

ಆಮೇಲೆ ಏನೋ ಸರಿಯಿಲ್ಲ ಅನ್ನಿಸಿತು. ಸರಪಳಿ ಬಿಗಿಯುತ್ತಿದೆ, ಎಂಜಿನ್ ಮಾತ್ರ ಏಳುತ್ತಿಲ್ಲ. ಒಂದು ಕಡೆಗೆ ವಾಲಿಕೊಂಡಿತು. ಮುಂದಿನ ಎಡ ಚಕ್ರದ ಕಡೆ ನೋಡಿದರೆ ಕಾರಿನ ಮೂತಿಯೇ ಎಂಜಿನ್ನಿನ ಜೊತೆ ಏಳುತ್ತಿದೆ. ಬಾಮೈದ ಒಂದು ಕೈಯಲ್ಲಿ ಸರಪಳಿ ಹಿಡಿದು, ಇನ್ನೊಂದು ಕೈಯನ್ನು ಎಂಜಿನ್ನಿಗೂ ಬಾಡಿಗೂ ನಡುವಿನ ಸಂದಿಗೆ ಹಾಕಲು ಹೋದ, ಅಲ್ಲಾಡಿಸಿ ನೋಡೋಣ ಅಂತ.

"ಲೇ, ಕೈ ತೆಗಿ. ಇಳ್ಸು. ಮೆತ್ತಗೆ."

ಎಂಜಿನ್ ಮತ್ತೆ ಜಾಗಕ್ಕೆ ಕೂತಿತು. ಬಿಚ್ಚದೇ ಉಳಿದ ಬೋಲ್ಟು ಒಂದೂ ಇರಲಿಲ್ಲ, ಅದು ನನಗೆ ಗೊತ್ತು. ಬ್ಯಾಟರಿ ಲೈಟು ಹಿಡಿದು ಎಡಗಡೆಗೆ ಹೋದೆ. ಗೌಡರು ಆಗಲೇ ಅಲ್ಲಿ ನಿಂತಿದ್ದರು.

"ಸ್ವಲ್ಪ ಪಕ್ಕಕ್ಕೆ ಬನ್ನಿ ಗೌಡ್ರೆ."

"ಏನೂ ಇಲ್ಲ ಅಲ್ಲಿ."

"ಏನೂ ಇಲ್ದಿದ್ರೆ ನೋಡಿದ್ರೇನಂತೆ."

ಮಲಗಿಕೊಂಡು ಒಳಗೆ ಲೈಟು ಬಿಟ್ಟೆ. ಎಂಜಿನ್ನಿಗೂ ಅದರ ಅಡಿಯ ಅಡ್ಡಪಟ್ಟಿಗೂ ಸೇರಿಸಿ, ಬೇಲಿಗೆ ಬಿಗಿಯುವ ದಪ್ಪ ತಂತಿಯನ್ನು ಸುತ್ತುಸುತ್ತಾಗಿ ಕಟ್ಟಿತ್ತು. ಕಾಣದಿರಲೆಂದು ಮೇಲೆ ಗ್ರೀಸು, ಅದರ ಮೇಲೆ ಮಣ್ಣು ಮೆತ್ತಿತ್ತು. ನನಗೆ ಮೈ ಉರಿಯಿತು. ಎಂಜಿನ್ ಬಿದ್ದು ಒಡೆದಿದ್ದರೆ, ಬಾಮೈದನ ಬೆರಳು ಹೋಗಿದ್ದರೆ, ಟ್ಯಾಕ್ಸಿಯವನ ಮಾತಿಗೆ ಸಾಕ್ಷಿ ಸಿಕ್ಕಿತು ಅಂತ ಊರೇ ಅನ್ನುತ್ತಿತ್ತು.

"ಇದು ಯಾರು ಏಳ್ಕೊಟ್ಟ ಬುದ್ಧಿ ಗೌಡ್ರೆ? ಟ್ಯಾಕ್ಸಿಯೋನಾ?"

"ಯಾವ ಟ್ಯಾಕ್ಸಿಯೋನೂ ಇಲ್ಲ ಕಣಪ್ಪ. ತ್ವಾಟದ ಮೋಟ್ರನ್ನ ಎರಡು ಸಲ ಕಳ್ರು ಎತ್ಕೊಂಡ್ ಓದ್ರು. ಅವತ್ತಿಂದ ಮೋಟ್ರು ಅಂದ್ರೆ ತಂತಿ ಬಿಗಿಯೋದೇ. ಇದೂ ಮೋಟ್ರೇ ತಾನೆ. ರಾತ್ರಿ ನಾನು ಊರಿಗೆ ಓದ್ಮೇಲೆ ನೀನು ಎಂಜಿನ್ ಬದಲಾಯ್ಸಿದ್ರೆ ತಂತಿ ನಂಗೆ ಸಾಕ್ಷಿ ಏಳ್ತದೆ ಅಂತ ಮನೇಲೇ ಕಟ್ಟಿದ್ದೆ. ಇವತ್ತೇ ಎತ್ತೀಯ ಅಂತ ನಾನೇನು ಕನಸು ಕಂಡಿದ್ನಾ?"

"ಎತ್ತೋವಾಗ್ಲಾದ್ರೂ ಒಂದ್ ಮಾತು ಏಳ್ಬಾರ್ದಿತ್ತಾ?"

"ಏಳಿದ್ರೆ ಕಟ್ಟಿದ್ಕೇನು ಬೆಲೆ ಬತ್ತು?"

ಬಾಮೈದ ಮುಖ ತಿರುಗಿಸಿಕೊಂಡು ನಕ್ಕ. ನನಗೆ ನಗು ಬರಲಿಲ್ಲ. "ಆಸ್ನ ಬುಟ್ಟು ಇಲ್ಲಿಗ್ಯಾಕೆ ಬಂದ್ರಿ, ಅದನ್ನೇಳಿ," ಅಂದೆ.

"ಅಲ್ಲಿ ಯಾರೂ ಎದ್ರಿಗೆ ಕೂರಕ್ಕೆ ಬುಡಲ್ಲ."

ಕತ್ತರಿಸುವ ಪ್ಲೈಯರನ್ನು ಅವರ ಕೈಗೇ ಕೊಟ್ಟೆ. ಅವರೇ ಬಗ್ಗಿ, ಪಂಚೆಗೆ ಗ್ರೀಸು ಮಾಡಿಕೊಂಡು, ತಂತಿ ತುಂಡರಿಸಿದರು. ಈ ಸಲ ಸರಪಳಿಯನ್ನೂ ಅವರ ಕೈಗೆ ಕೊಡಿಸಿದೆ. ತಮ್ಮ ಎಂಜಿನ್ನನ್ನು ತಾವೇ ಎಳೆದರು, ನಾನು ನಿಲ್ಲಿಸಿ ಅಂದಾಗ ನಿಲ್ಲಿಸಿದರು. ಎಂಜಿನ್ ಗಾಳಿಯಲ್ಲಿ ನಿಂತಾಗ, ಅದನ್ನು ಅಲ್ಲಾಡಿಸದೆ ನಾನೂ ಬಾಮೈದನೂ ಕಾರನ್ನೇ ಹಿಂದಕ್ಕೆ ತಳ್ಳಿದೆವು. ಆಮೇಲೆ ಕೆಳಗೆ ಹಳೇ ಟೈರು ಹಾಸಿ ಇಳಿಸಿದಾಗ ಎಂಜಿನ್ ಸದ್ದಿಲ್ಲದೆ ಕೂತಿತು.

ಸಂಜೆ ಊರಿಗೆ ಹೋಗಲು ಗೋರೂರಿನ ಕಡೆಯ ಬಸ್ಸಿಗೆ ಏಳುವಾಗ ಗೌಡರು ಹೊಸ ತಂತಿ ಕೇಳಿದರು. ನಾನೇ ಕೊಟ್ಟೆ. ಎಂಜಿನ್ನನ್ನು ಸ್ಟ್ಯಾಂಡಿನ ಕಾಲಿಗೆ ಬಿಗಿದು ಗಂಟು ಹಾಕಿ ಹೋದರು. ಬೆಳಿಗ್ಗೆ ಬಂದು ಮೊದಲು ಗಂಟು ನೋಡುವುದು, ಆಮೇಲೆ ಕೂರುವುದು. ಕೆಲಸ ಮುಗಿಯುವ ತನಕ ಇದೇ ನಡೆಯಿತು. ಒಂದು ದಿನ, "ಗಂಟು ನಿನ್ನೆ ಈ ಕಡೀಕಿತ್ತಲ್ಲ?" ಅಂತಲೂ ಕೇಳಿದರು.

ಕಾರು ಹೊಗೆಯಿಲ್ಲದೆ ಊರಿಗೆ ಹೋದ ಮೇಲೆ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಗೌಡರು ಅಂದು ಹೋಗಿದ್ದ ಮಾತು ನನ್ನ ಕಿವಿಗೆ ಬಂತು: "ಕಳ್ಳ ಅಲ್ಲ ಅನ್ಸುತ್ತೆ. ಎದ್ರಿಗೆ ಕೂತ್ಕೊಂಡೇ ಮಾಡಿಸ್ಕಳಿ. ಅವನು ಕೂರಕ್ಕೆ ಬುಡ್ತಾನೆ." ಕಾರ್ಬುರೇಟರಿನ ಮಾತು ಮೆಲ್ಲಗೆ ಅಡಗಿದ್ದು ಅದರಿಂದಲೇ. ಶೆಡ್ಡಿನ ಬಾಗಿಲಲ್ಲಿ ಕೂರುವ ಕಲ್ಲು ಒಂದಿದ್ದದ್ದು ಎರಡಾಯಿತು.

ಈಗಲೂ ಎಂಜಿನ್ ಎತ್ತುವ ಮುಂಚೆ ನಾನು ಗಾಡಿಯ ಯಜಮಾನರನ್ನು ಕೇಳುತ್ತೇನೆ, "ಎಲ್ಲಾದ್ರೂ ಏನಾದ್ರೂ ಕಟ್ಟಿದ್ದೀರಾ?" ಅವರು ನನ್ನ ಮುಖವನ್ನು ಅನುಮಾನದಿಂದ ನೋಡುತ್ತಾರೆ. ಇಲ್ಲ ಅನ್ನುತ್ತಾರೆ. ನಾನು ಆದರೂ ಲೈಟು ಹಿಡಿದು ಕೆಳಗೆ ಮಲಗುತ್ತೇನೆ.