ರೆಕ್ಕೆಯ ಬುಡದ ನೂಲು

ಲವೀನಾ, ಆ ದಿನ ನಿನ್ನ ಅಳತೆ ಸರಿಯಾಗಿತ್ತು. ತಪ್ಪಾಗಿದ್ದದ್ದು ನನ್ನ ಲೆಕ್ಕ. ಸಭೆಗೆ ಬರುವ ಮೊದಲೇ ಅದು ನನಗೆ ಗೊತ್ತಿತ್ತು — ಗೊತ್ತಿದ್ದೂ ನಿನ್ನನ್ನು ತಪ್ಪಿತಸ್ಥೆ ಮಾಡಿದೆ. ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

ಎಂ.ಟೆಕ್. ಓದುವಾಗ ನಮ್ಮಿಬ್ಬರಿಗೆ ಸಿಕ್ಕಿದ್ದು ಒಂದೇ ಕೆಲಸ. ಆಸ್ಪತ್ರೆಗಳಿಗೆ ಔಷಧ ಒಯ್ಯುವ, ಪೈಲಟ್ ಇಲ್ಲದ ಪುಟ್ಟ ವಿಮಾನವನ್ನು ಗಾಳಿ ಎಷ್ಟು ಬಲದಿಂದ ಹಿಂದಕ್ಕೆಳೆಯುತ್ತದೆ ಎಂದು ಕಂಡುಹಿಡಿಯಬೇಕಿತ್ತು. ನಾನು ಕಂಪ್ಯೂಟರಿನಲ್ಲಿ ಗಾಳಿಯ ಹರಿವನ್ನು ಲೆಕ್ಕ ಹಾಕುತ್ತಿದ್ದೆ; ನೀನು ಕಾಲೇಜಿನ ಗಾಳಿಸುರಂಗದಲ್ಲಿ ಮಾದರಿಯನ್ನು ನಿಲ್ಲಿಸಿ, ಗಾಳಿಯ ದಿಕ್ಕು ಕಾಣಲು ಅದರ ಮೈಗೆ ನೂಲಿನ ತುಂಡುಗಳನ್ನು ಅಂಟಿಸಿ, ಅಳೆಯುತ್ತಿದ್ದೆ. ಎರಡೂ ಹೊಂದಬೇಕಿತ್ತು. ಹೊಂದಲಿಲ್ಲ — ನಿನಗೆ ಸಿಕ್ಕ ಎಳೆತ ನನ್ನದಕ್ಕಿಂತ ಬಹಳ ಹೆಚ್ಚು.

"ರೆಕ್ಕೆಯ ಬುಡಕ್ಕೆ ಅಂಟಿಸಿದ ನೂಲು ಉಲ್ಟಾ ಹಾರ್ತದೆ ಮಾರಾಯ್ತಿ. ಅಲ್ಲಿ ಎಂತದೋ ಉಂಟು. ನೀನೂ ಒಮ್ಮೆ ನೋಡು" ಎಂದು ನೀನು ಹೇಳಿದೆ.

ನೋಡಿದೆ. ಲೆಕ್ಕಕ್ಕೆಂದು ಕಂಪ್ಯೂಟರಿನಲ್ಲಿ ವಿಮಾನದ ಸುತ್ತ ಹೆಣೆದ ಜಾಲರಿಯ ಕಣ್ಣುಗಳನ್ನು ಆ ಜಾಗದಲ್ಲಿ ನಾನು ತೀರಾ ದೊಡ್ಡದಾಗಿ ಬಿಟ್ಟಿದ್ದೆ. ಅವನ್ನು ಸಣ್ಣ ಮಾಡಿ ಲೆಕ್ಕವನ್ನು ಮತ್ತೆ ಓಡಿಸಿದಾಗ ಗಾಳಿ ರೆಕ್ಕೆಯ ಮೈ ಬಿಟ್ಟು ಸುಳಿಯಾಯಿತು; ಎಳೆತ ಏರುತ್ತಾ ಏರುತ್ತಾ ನಿನ್ನ ಅಂಕಿಯ ಹತ್ತಿರ ಬಂದು ನಿಂತಿತು. ಅದು ನಮ್ಮ ಫಲಿತಾಂಶ ಒಪ್ಪಿಸಬೇಕಿದ್ದ ಸಭೆಯ ಬೆಳಿಗ್ಗೆ. ಸಂಶೋಧನೆಗೆ ಒಬ್ಬರನ್ನು ಮಾತ್ರ ಉಳಿಸಿಕೊಳ್ಳುವುದಾಗಿ ನಮ್ಮ ಗೈಡ್ ಸರ್ ಆಗಲೇ ಹೇಳಿದ್ದರು. ಆ ಹೊಸ ಫಲಿತಾಂಶವನ್ನು ಅಳಿಸಿಬಿಟ್ಟೆ.

ವ್ಯತ್ಯಾಸ ಯಾಕೆಂದು ಸರ್ ಕೇಳಿದಾಗ ಎಲ್ಲರೂ ನಿನ್ನತ್ತ ತಿರುಗಿದರು. ಮತ್ತೆ ಮತ್ತೆ ಅಳೆದರೂ ಅಷ್ಟೇ ಬರುತ್ತದೆ ಎಂದು ನೀನು ಮೆಲ್ಲಗೆ ಹೇಳಿದೆ. ನಾನು ಬಾಯಿ ತೆರೆದೆ. ಆಗಲೂ ನಿಜ ಹೇಳಬಹುದಿತ್ತು —

"ಮಾದರಿ ಕೂರಿಸಿದ್ದರಲ್ಲೇ ತಪ್ಪಾಗಿದೆ ಅಂತ ಕಾಣ್ತದೆ ಸರ್. ಲವೀನಾಗೆ ಅಷ್ಟು ಅನುಭವ ಇಲ್ಲ."

ನೀನು ನನ್ನನ್ನೇ ನೋಡಿದೆ. ಜಗಳಕ್ಕೆ ಬಂದಿದ್ದರೆ ನಾನು ಏನು ಮಾಡುತ್ತಿದ್ದೆನೋ... ನೀನು ಬರಲಿಲ್ಲ. ನನ್ನನ್ನು ನಂಬಿದೆ. "ಇರಬಹುದು ಸರ್" ಎಂದು ತಲೆ ತಗ್ಗಿಸಿದೆ.

ಸಂಶೋಧನೆಯ ಆ ಒಂದು ಜಾಗ ನನಗೆ ಸಿಕ್ಕಿತು. ನನ್ನ ಅಂಕಿಯನ್ನು ನಂಬಿ ಕಟ್ಟಿದ ವಿಮಾನ ಮೊದಲ ದೂರದ ಹಾರಾಟದಲ್ಲೇ ಬ್ಯಾಟರಿ ಮುಗಿದು ನೇತ್ರಾವತಿಗೆ ಬಿತ್ತು. ಎದುರುಗಾಳಿ ಇತ್ತು ಎಂದರು ಉಳಿದವರು. ನಾನೂ ಹೌದೆಂದೆ.

ಕಳೆದ ತಿಂಗಳು ಕಂಕನಾಡಿ ಮಾರ್ಕೆಟಿನಲ್ಲಿ ನೀನು ಸಿಕ್ಕಿದೆ. ಶಾಲೆಯಲ್ಲಿ ಗಣಿತ ಕಲಿಸುತ್ತಿರುವೆ ಎಂದು ತಿಳಿಯಿತು. ವಿಜ್ಞಾನ ಕಲಿಸುವುದು ಯಾಕೆ ಬೇಡವಾಯಿತು ಎಂದು ನಾನು — ಯಾವ ಮುಖದಲ್ಲಿ ಕೇಳಿದೆನೋ —

"ಲ್ಯಾಬ್ ಬೇಡ ಅಂತ ನಾನೇ ಹೇಳಿದ್ದು. ಅಳೆಯುವುದೆಲ್ಲ ನನ್ನಿಂದ ಆಗುವುದಿಲ್ಲ. ನಿನಗೆ ಗೊತ್ತುಂಟಲ್ಲ" ಎಂದು ನೀನು ನಕ್ಕೆ.

ಬಸ್ಸು ಬಂತೆಂದು ಸುಳ್ಳು ಹೇಳಿ ನಾನು ಅಲ್ಲಿಂದ ಹೊರಟುಬಿಟ್ಟೆ.

ನಿನ್ನೆ ಸರ್ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವರು, ಲವೀನಾಗೆ ಹೇಳಿದ್ದೀಯಾ ಎಂದಷ್ಟೇ ಕೇಳಿದರು. ಈ ಭಾನುವಾರ, ನೀವೆಲ್ಲ ಚರ್ಚಿನಲ್ಲಿ ಪೂಜೆ ಮುಗಿಸಿ ಬರುವ ಹೊತ್ತಿಗೆ, ಉರ್ವದ ನಿಮ್ಮ ಮನೆಗೆ ಬರುತ್ತೇನೆ. ನಿನ್ನ ಅಮ್ಮನ ಎದುರಿಗೇ ಹೇಳುತ್ತೇನೆ. ಕ್ಷಮೆ ಕೇಳುವುದಿಲ್ಲ ಲವೀನಾ — ಕೇಳಿದರೆ ನೀನು ಕೊಟ್ಟುಬಿಡುತ್ತೀ.