ಕಂಪನಿಯ ಕುರ್ಚಿ

ನಮ್ಮ ಸೀನಿಯರ್ ವಕೀಲೆಯವರ ಕರಿ ಕೋಟಿನ ಎಡಜೇಬು ಸದಾ ಉಬ್ಬಿರುತ್ತಿತ್ತು. ಒಳಗೊಂದು ಸ್ಟೀಲ್ ಲೋಟ. ಬೀದರ್ ಕೋರ್ಟಿಗೆ ಹೊಸದಾಗಿ ಬಂದವರು ಅದನ್ನು ನೋಡಿ ನಗುತ್ತಿದ್ದರು. ಸೀನಿಯರ್ ವಾದಕ್ಕೆ ಎದ್ದ ಮೇಲೆ ಯಾರೂ ನಗುತ್ತಿರಲಿಲ್ಲ. ಕಾನೂನು ಓದಿ ಮುಗಿಸಿ, ಮೈಲೂರಿನ ಅವರ ಕಚೇರಿಗೆ ನಾನು ಜೂನಿಯರ್ ಆಗಿ ಸೇರಿದೆ. ನಾಲ್ಕು ಜನ ಸೇರಿದಲ್ಲಿ ನನಗೆ ಮಾತು ಹೊರಡುತ್ತಿರಲಿಲ್ಲ. "ನಿನ್ನ ಬಾಯಿಗಿ ಯಾರ್ ಸ್ಟೇ ತಂದಾರವಾ?" ಎಂದು ಛೇಡಿಸುತ್ತಿದ್ದರು.

ನಿಜವಾದ ಸ್ಟೇ ಇದ್ದದ್ದು ಔರಾದ ತಾಲ್ಲೂಕಿನ ಚಿಂತಾಕಿಯ ಮೇಲೆ. ಬಾಟಲಿ ನೀರಿನ ಕಂಪನಿಯೊಂದು ಅಲ್ಲಿ ಬೋರ್‌ವೆಲ್ ಕೊರೆಸಲು ಬಂದಾಗ ಗ್ರಾಮಸಭೆ ಬೇಡವೆಂದು ಠರಾವು ಮಾಡಿತು. ಕಾನೂನಿನ ಕಣ್ಣಿಗೆ ತಾನೂ ಒಬ್ಬ ವ್ಯಕ್ತಿ, ತನಗೂ ಸಮಾನತೆಯ ಹಕ್ಕಿದೆ ಎಂದು ಕಂಪನಿ ಆ ಠರಾವಿಗೆ ಕೋರ್ಟಿನಿಂದ ತಡೆ ತಂದಿತು. ಬೋರ್‌ವೆಲ್ ಕೊರೆದ ಮೇಲೆ ಊರ ಬಾವಿಯ ತಳ ಕಂಡಿತು.

ಮೂಲಭೂತ ಹಕ್ಕುಗಳು ಮನುಷ್ಯರಿಗೆ ಮಾತ್ರ ಎಂಬ ಒಂದು ಸಾಲು ಸಂವಿಧಾನಕ್ಕೆ ಸೇರಬೇಕು, ಅದನ್ನು ಹಳ್ಳಿಗಳೇ ಕೇಳಬೇಕು ಎಂದು ಸೀನಿಯರ್ ಅಂದಿನಿಂದ ಊರೂರು ತಿರುಗಿದರು. ತಿದ್ದುಪಡಿ ಸಂಸತ್ತಿನ ಕೆಲಸವಲ್ಲವೇ ಎಂದರೆ, "ಸಂಸತ್ತಿಗಿ ನೆನಪ ಮಾಡೋದು ಯಾರ ಕೆಲಸರಿ?" ಎನ್ನುತ್ತಿದ್ದರು.

ಸಭೆಯಲ್ಲಿ ಅವರೂ ಸೇರಿ ಎಲ್ಲರೂ ಜಮಖಾನೆಯ ಮೇಲೆ. ಎದುರಿಗೊಂದು ಖಾಲಿ ಕುರ್ಚಿ. ಅದರ ಮೇಲೆ ಆ ಲೋಟದಲ್ಲಿ ಊರಿನ ನೀರು. "ಕಂಪನಿ ವ್ಯಕ್ತಿ ಇದ್ರ ಬರ್ಲಿ, ಕೂಡ್ಲಿ, ನೀರ ಕುಡೀಲಿ."

ಚಿಂತಾಕಿಯ ಸಭೆಗೆ ಒಮ್ಮೆ ಕಂಪನಿಯ ಮ್ಯಾನೇಜರ್ ಬಂದ. ತನಗಾಗಿಯೇ ಇಟ್ಟದ್ದೆಂದುಕೊಂಡು ಲೋಟ ಎತ್ತಿ ಹಿಡಿದು ಕುರ್ಚಿಯಲ್ಲಿ ಕೂತ.

ಬಾವಿ ಪಕ್ಕದ ಹೊಲದ ಅಜ್ಜಿ ಕೇಳಿದಳು: "ಸಾಹೇಬ್ರ, ನೀವೇ ಏನ್ರಿ ಕಂಪನಿ?"

ಆತ ಧಡಕ್ಕನೆ ಎದ್ದ. "ಛೇ, ನಾ ಕಂಪನಿ ಅಲ್ರಿ ಆಯಿ. ಬರೀ ನೌಕರ ಇದ್ದೇನಿ."

"ಮತ್ತ ಕೆಳಗ ಬರ್ರಿ. ಇಲ್ಲಿ ಜಾಗಾ ಅದ."

ಸಭೆಯೆಲ್ಲ ನಕ್ಕಿತು. ನಮ್ಮ ಸೀನಿಯರ್ ನಗಲಿಲ್ಲ. ಆತನಿಗೆ ಪಕ್ಕದಲ್ಲಿ ಜಾಗ ಬಿಟ್ಟು, "ನೀರ ಕುಡೀರಿ ಅಣ್ಣಾ. ನಿಮಗೂ ಹಕ್ಕದ," ಎಂದರು. ಆತ ತಲೆ ತಗ್ಗಿಸಿ ಕುಡಿದ.

ಹೋದ ಚಳಿಗಾಲದಲ್ಲಿ ಸೀನಿಯರ್ ತೀರಿಕೊಂಡರು. ತಡೆ ಇನ್ನೂ ತೆರವಾಗಿಲ್ಲ, ಸಂವಿಧಾನಕ್ಕೆ ಆ ಸಾಲೂ ಸೇರಿಲ್ಲ. ಅವರ ತವರು ಭಾಲ್ಕಿಯಲ್ಲಿ ಶ್ರದ್ಧಾಂಜಲಿ ಸಭೆ. ಯಾರೋ ಗೌರವದಿಂದಲೇ ಅವರ ಫೋಟೊಕ್ಕೆ ಹಾರ ಹಾಕಿ, ಎದುರಿನ ಖಾಲಿ ಕುರ್ಚಿಯ ಮೇಲೆ ಇಟ್ಟಿದ್ದರು. ನಾನು ಎದ್ದು ನಿಂತೆ.

"ಅದು ಅವರ ಕುರ್ಚಿ ಅಲ್ರಿ, ಕಂಪನಿದು. ಖಾಲಿ ಇರ್ಲಿ."

ನನ್ನ ದನಿ ಎರಡನೆಯ ಸಾಲಿಗೂ ಮುಟ್ಟಲಿಲ್ಲ. ಚಿಂತಾಕಿಯ ಅಜ್ಜಿ ಮಾತ್ರ ಜಮಖಾನೆಯ ಮೇಲೆ ಸರಿದು ಜಾಗ ಮಾಡಿದಳು. ಫೋಟೊ ತಂದು ಅವಳ ಪಕ್ಕ ಇಟ್ಟೆ.

"ಜೋರ ಹೇಳವಾ," ಎಂದಳು.

ಜೋರಾಗಿ ಹೇಳಿದೆ.